ಬೇಸಿಗೆಗೆ ಮೂರು, ಚಳಿಗೆ ಆರು

ಹಿಸಾನೊಳ ಬಲ ಮಣಿಕಟ್ಟು ಮುರಿದು ಇವತ್ತಿಗೆ ಹನ್ನೊಂದು ದಿನ.
ಅಡುಗೆಮನೆಯ ಮೂಲೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಾಳೆ,
ಬಿಳಿ ಪಟ್ಟಿಯ ಕೈಯನ್ನು ಮಡಿಲಲ್ಲಿ ಮಲಗಿಸಿಕೊಂಡು,
ಯಾರದೋ ಮಗುವನ್ನು ಸ್ವಲ್ಪ ಹೊತ್ತಿಗೆ ಇಸಿದುಕೊಂಡವಳ ಹಾಗೆ.

"ಉದೊನ್ ತಿನ್ನಬೇಕು," ಅಂದಳು. "ಅಂಗಡಿಯದಲ್ಲ."

ಕಾನೊನ್‌ಜಿಯಲ್ಲಿ ಹೆಜ್ಜೆಗೊಂದು ಉದೊನ್ ಅಂಗಡಿ,
ಕೊಂಡು ತಂದರೆ ಮುಗಿಯಿತು.
ಆದರೆ ನಾನು ಮೂವತ್ತೆಂಟು ವರ್ಷ
ಹಡಗಿನ ಹೊಟ್ಟೆಯೊಳಗೆ ನಿಂತು
ಮೇಲಿಂದ ಕೊಳವೆಯಲ್ಲಿ ಇಳಿದ ಮಾತಿಗೆಲ್ಲ
ಹೂಂ ಅಂದವನು.
ಹೂಂ ಅಂದೆ.

ಉಪ್ಪೆಷ್ಟು?
"ಬೇಸಿಗೆಗೆ ಮೂರು, ಚಳಿಗೆ ಆರು, ಮಿಕ್ಕ ದಿನಕ್ಕೆ ಐದು."
ಏನು ಮೂರು? ಏನು ಆರು?
ಎಂಜಿನ್ನಿಗಾದರೆ ಪುಸ್ತಕವಿತ್ತು,
ಪ್ರತಿ ತಿರುಪಿಗೂ ಒಂದು ಅಂಕಿ.
ಇವಳ ಅಂಕಿಗೆ ಸೇರಿಲ್ಲ, ಪಾವಿಲ್ಲ.
ಮಾರ್ಚಿಯ ಮೊದಲ ವಾರ, ಕಿಟಕಿಯಲ್ಲಿ ಇನ್ನೂ ಚಳಿ;
ಆರು ಬಟ್ಟಲು ಉಪ್ಪೇ ಇರಬೇಕೆಂದು ಡಬ್ಬಕ್ಕೆ ಕೈ ಹಾಕಿದೆ.
ಅವಳು ನಕ್ಕ ನಗೆಗೆ ಮುರಿದ ಮೂಳೆ ನೊಂದು
ಅಯ್ಯೋ ಅಂದಳು, ಮತ್ತೆ ನಕ್ಕಳು.

ಒಂದು ಬಟ್ಟಲು ಉಪ್ಪಿಗೆ ಆರು ಬಟ್ಟಲು ನೀರಂತೆ.
ಸೆಕೆಗೆ ಹಿಟ್ಟು ಸಡಿಲ, ಆಗ ಉಪ್ಪೇ ಬಿಗಿ ಹಿಡಿಯಬೇಕಂತೆ;
ಚಳಿಗೆ ತಾನೇ ಬಿಗಿ, ಕಡಿಮೆ ಸಾಕಂತೆ.
ಇಷ್ಟು ವರ್ಷ ಉಂಡೆ. ಉಪ್ಪಿನ ಋಣ ಗೊತ್ತಿತ್ತು,
ಲೆಕ್ಕ ಗೊತ್ತಿರಲಿಲ್ಲ.

ಕಲಸಿದ ಮುದ್ದೆ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ,
ಚೀಲದ ಮೇಲೆ ಚಾಪೆ, ಚಾಪೆಯ ಮೇಲೆ ನಾನು.
ಕಾಲುಚೀಲ ಕಳಚಿ ತುಳಿದೆ.
ಥಪ್. ಥಪ್. ಥಪ್.
ಹಿಮ್ಮಡಿಯ ಕೆಳಗೆ ಮೊದಲು ಮೊಂಡು ಹಿಡಿದು
ಆಮೇಲೆ ಒಲಿದು ಹರಡಿತು. ಮಡಿಚಿ ಮತ್ತೆ ತುಳಿದೆ.
ಐದನೆಯ ಮಡಿಕೆಗೋ ಏನೋ, ಕಾಲು ನಿಂತಿತು.

ಈ ಸದ್ದು ನನಗೆ ಗೊತ್ತು.

ರಜೆಗೆ ಬಂದ ಬೆಳಗುಗಳಲ್ಲಿ, ಗೋಡೆಯಾಚೆಯಿಂದ,
ಅರೆನಿದ್ದೆಯಲ್ಲಿ ಇದನ್ನೇ ಕೇಳಿ
ಎಂಜಿನ್ನು ಓಡುತ್ತಿದೆ, ಎಲ್ಲ ಸರಿಯಿದೆ ಎಂದುಕೊಂಡು
ಮಗ್ಗುಲು ಬದಲಿಸಿ ಮಲಗುತ್ತಿದ್ದೆ.

ಹೇಳಿದೆ.
"ಆಗ ನಾನು ಮೂವತ್ತೊಂಬತ್ತು ಕಿಲೊ," ಅಂದಳು.
"ತೂಕ ಸಾಲದೆ ಮಿತ್ಸುಯೊಳನ್ನು ಬೆನ್ನಿಗೆ ಕಟ್ಟಿಕೊಂಡು ತುಳಿಯುತ್ತಿದ್ದೆ.
ಅವಳಿಗೂ ಅದೇ ಸದ್ದಿಗೆ ನಿದ್ದೆ.
ನಿಲ್ಲಬೇಡ, ಹಿಟ್ಟು ಆರುತ್ತದೆ."

ಹಿಟ್ಟು ಎರಡು ಗಂಟೆ ಮಲಗಿತು. ಆ ಹೊತ್ತಿನಲ್ಲಿ
ಇಬುಕಿ ದ್ವೀಪದ ಇರಿಕೊ, ಕಿರುಬೆರಳುದ್ದದ ಬೆಳ್ಳಿ ಒಣಮೀನು:
ತಲೆ ಚಿವುಟಿ, ಹೊಟ್ಟೆಯ ಕರಿಯ ಕಹಿ ತೆಗೆದು
ಕಡಲಪಾಚಿಯ ಪಟ್ಟಿಯೊಂದಿಗೆ ನೀರಲ್ಲಿ ಬಿಟ್ಟೆ.
ಕುದಿಯುವ ಮುಂಚೆ ಪಾಚಿ ತೆಗೆಯಬೇಕಿತ್ತು.
ತಡವಾಯಿತು. ನಾನು ಹೇಳಲಿಲ್ಲ;
ಅವಳ ಮೂಗು ಹೇಳಿತು.

ನಾನು ಕತ್ತರಿಸಿದ ಎಳೆಗಳೋ,
ಒಂದು ಹೊಲಿಗೆಯ ದಾರ, ಒಂದು ಲಂಗರಿನ ಹಗ್ಗ.
ಕುದಿವ ನೀರಲ್ಲಿ ಮುಳುಗಿ, ತೇಲಿ, ಮತ್ತೆ ಮುಳುಗಿ
ಹದಿನೈದು ನಿಮಿಷ. ದಾರ ಕರಗಿತು, ಹಗ್ಗ ಬೇಯಲಿಲ್ಲ.
ತಣ್ಣೀರಲ್ಲಿ ತೊಳೆದು, ಬಿಸಿ ಸಾರು ಸುರಿದು,
ಮೇಲೆ ಈರುಳ್ಳಿ ಸೊಪ್ಪು, ಒಂದು ಚೂರು ಶುಂಠಿ.

ಎಡಗೈಗೆ ಕಡ್ಡಿ ಒಲಿಯದು.
ಮೊಮ್ಮಗನ ಪ್ಲಾಸ್ಟಿಕ್ ಫೋರ್ಕು, ಅದರ ಹಿಡಿಯಲ್ಲಿ ನಗುವ ರೈಲು.
ಒಂದು ಹಗ್ಗ ಎತ್ತಿ ಸೊರ್ರನೆ ಎಳೆದುಕೊಂಡಳು.
ಅಗಿದಳು. ಅಗಿಯುತ್ತಲೇ ಇದ್ದಳು.
ಚೆನ್ನಾಗಿದೆ ಅನ್ನಲಿಲ್ಲ.
ಬಟ್ಟಲೆತ್ತಿ ಸಾರಿನ ಕೊನೆಯ ಗುಟುಕನ್ನೂ ಮುಗಿಸಿ,
ಹಲಗೆಯ ಮೇಲೆ ಉಳಿದಿದ್ದ ಹಿಟ್ಟಿನ ತುಂಡನ್ನು
ಎಡಗೈ ಹೆಬ್ಬೆರಳಲ್ಲಿ ಒತ್ತಿ ಬಿಟ್ಟಳು.
ಗುಳಿ ಮೆಲ್ಲಗೆ, ಬಹಳ ಮೆಲ್ಲಗೆ ತುಂಬಿಕೊಂಡಿತು.

"ನಾಳೆಯಿಂದ ಐದು," ಅಂದಳು.

ನಾನಿನ್ನೂ ಉಣ್ಣೆಯ ಅಂಗಿ ಬಿಚ್ಚಿರಲಿಲ್ಲ.